ಹೆಲಿಕಾಪ್ಟರ್ ಖರೀದಿ: ನಂಟಿಗೆ ತೆರುವ ಬೆಲೆ

ಭೂಸೇನೆ ಮತ್ತು ವಾಯುಪಡೆಯ ಹಳೆಯ ಚೀತಾ, ಚೇತಕ್ ಹೆಲಿಕಾಪ್ಟರ್‌ಗಳ ಬದಲಿಗೆ ಸುಮಾರು ಇನ್ನೂರು ಹಗುರ ಹೆಲಿಕಾಪ್ಟರ್‌ಗಳು ಬೇಕಾಗಿವೆ ಎಂದು 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವಾಲಯವು ತಯಾರಕರಿಂದ ಮಾಹಿತಿ ಆಹ್ವಾನಿಸಿತು. ಓದಿದವರಿಗೆ ಈ ಸಂಖ್ಯೆ ಪರಿಚಿತವೆನಿಸಿದ್ದರೆ ಆಶ್ಚರ್ಯವಿಲ್ಲ. ಇದೇ ಕೆಲಸಕ್ಕಾಗಿ 197 ಹೆಲಿಕಾಪ್ಟರ್‌ಗಳನ್ನು ಕೊಳ್ಳುವ ಪ್ರಯತ್ನ 2007ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ರದ್ದಾಗಿತ್ತು. 2015ರಲ್ಲಿ ಮಾಸ್ಕೋದಲ್ಲಿ 200 ಹೆಲಿಕಾಪ್ಟರ್‌ಗಳ ಒಡಂಬಡಿಕೆಗೆ ಸಹಿ ಬಿದ್ದಿತು. ಅದರಿಂದ ಒಂದು ಹೆಲಿಕಾಪ್ಟರ್ ಕೂಡ ಸೇನೆಗೆ ಬರಲಿಲ್ಲ. ಈ ಎರಡು ದಶಕಗಳಲ್ಲಿ ಸರ್ಕಾರಗಳು ಬದಲಾದವು, ಮಿತ್ರರಾಷ್ಟ್ರಗಳ ಸಾಲು ಬದಲಾಯಿತು, ಟೆಂಡರ್ ಷರತ್ತುಗಳು ಬದಲಾದವು. ಬದಲಾಗದೆ ಉಳಿದದ್ದು ಹಿಮಾಲಯದ ನೆತ್ತಿಯ ಮೇಲೆ ಹಾರುತ್ತಿರುವ ಚೀತಾ ಮಾತ್ರ.

ಇದಕ್ಕೆಲ್ಲ ಭ್ರಷ್ಟಾಚಾರವೇ ಕಾರಣ ಎಂಬುದು ಸುಲಭದ ಉತ್ತರ. ಅಧಿಕಾರಶಾಹಿಯ ವಿಳಂಬ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಮೂಲದ ತೊಡಕು ಬೇರೆಯೇ ಇದೆ. ಸೇನಾ ಹೆಲಿಕಾಪ್ಟರನ್ನು ಕೊಳ್ಳುವುದೆಂದರೆ ಬರಿಯ ಯಂತ್ರವನ್ನು ಕೊಳ್ಳುವುದಲ್ಲ. ಇನ್ನೊಂದು ದೇಶದೊಡನೆ ಮೂವತ್ತು ನಲವತ್ತು ವರ್ಷಗಳ ನಂಟನ್ನು ಕೊಳ್ಳುವುದು. ಕೊಂಡ ದಿನ ಕೊಡುವ ಹಣ ಒಂದು ಬಗೆಯ ಮುಂಗಡವಷ್ಟೆ. ಬಿಡಿಭಾಗ, ಎಂಜಿನ್ ದುರಸ್ತಿ, ತರಬೇತಿ, ಶಸ್ತ್ರಗಳ ನವೀಕರಣ ಎಂದು ಆಯುಷ್ಯದುದ್ದಕ್ಕೂ ಖರ್ಚು ಮುಂದುವರಿಯುತ್ತದೆ. ಟೆಂಡರ್ ತೆರೆಯುವ ದಿನ ಮಾರುವವರು ಹಲವರು, ಕೊಳ್ಳುವವರು ಒಬ್ಬರು. ಸಹಿಯಾದ ಮರುದಿನ ಮಾರುವವನು ಒಬ್ಬನೇ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಯಾರಿಂದ ಕೊಳ್ಳಬೇಕೆಂಬುದು ಸ್ವಭಾವತಃ ರಾಜಕೀಯ ನಿರ್ಧಾರ. ಅದನ್ನು ಶುದ್ಧ ತಾಂತ್ರಿಕ ನಿರ್ಧಾರವೆಂಬಂತೆ ತೋರಿಸಲು ಹೋಗಿಯೇ ನಾವು ಮತ್ತೆ ಮತ್ತೆ ಎಡವಿದ್ದೇವೆ.

ಇತಿಹಾಸ ಇದನ್ನೇ ಹೇಳುತ್ತದೆ. ನಮ್ಮ ವಾಯುಪಡೆಯ ಮೊದಲ ಹೆಲಿಕಾಪ್ಟರ್ 1954ರಲ್ಲಿ ಬಂದ ಅಮೆರಿಕದ ಸಿಕೋರ್ಸ್ಕಿ. ಅರವತ್ತರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದ ಎಂಐ–4 ಬಂದಿತು. 1962ರಲ್ಲಿ ಫ್ರಾನ್ಸಿನೊಡನೆ ಒಪ್ಪಂದವಾಗಿ, ಅವರ ಅಲ್ಯೂಟ್–3 ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಕಾರ್ಖಾನೆಯಲ್ಲಿ ಚೇತಕ್ ಆಯಿತು. 1970ರ ಇನ್ನೊಂದು ಒಪ್ಪಂದದಿಂದ ಲಾಮಾ ಎಂಬುದು ಚೀತಾ ಆಯಿತು. ಲಾಮಾ ರೂಪುಗೊಂಡದ್ದೇ ಭಾರತದ ಎತ್ತರದ ಗಡಿಗಳ ಅಗತ್ಯಕ್ಕಾಗಿ. 1972ರಲ್ಲಿ ಅದು 12,442 ಮೀಟರ್ ಎತ್ತರಕ್ಕೇರಿ ವಿಶ್ವದಾಖಲೆ ನಿರ್ಮಿಸಿತು. ನೌಕಾಪಡೆಗೆ ಬ್ರಿಟನ್ನಿನ ಸೀ ಕಿಂಗ್, ಸಾಗಣೆಗೆ ಸೋವಿಯತ್ ಒಕ್ಕೂಟದ ಎಂಐ–8. ಅಲಿಪ್ತ ನೀತಿ ನಮ್ಮ ಹೆಲಿಕಾಪ್ಟರ್ ತಾಣಗಳಲ್ಲಿ ಕಣ್ಣಿಗೆ ಕಾಣುವಂತಿತ್ತು. ಒಬ್ಬನನ್ನೇ ನೆಚ್ಚಿಕೊಳ್ಳಬಾರದೆಂಬ ವಿವೇಕ ಅದರಲ್ಲಿತ್ತು. ಹಲವು ಬಗೆಯ ಯಂತ್ರಗಳಿಗೆ ಹಲವು ಬಗೆಯ ಬಿಡಿಭಾಗ, ಹಲವು ಬಗೆಯ ತರಬೇತಿ ಎಂಬ ವೆಚ್ಚವೂ ಜೊತೆಗಿತ್ತು. ರೂಪಾಯಿಯಲ್ಲೇ ಪಾವತಿ, ದೀರ್ಘಾವಧಿಯ ಸಾಲ ಎಂಬ ಸೋವಿಯತ್ ಸೌಲಭ್ಯವು ಕೊರತೆಯ ವಿದೇಶಿ ವಿನಿಮಯದ ದಿನಗಳಲ್ಲಿ ವರದಾನವಾಗಿತ್ತು. 1991ರಲ್ಲಿ ಆ ಒಕ್ಕೂಟವೇ ಕುಸಿದಾಗ, ಬಿಡಿಭಾಗಗಳಿಗಾಗಿ ಯಾವ ಹೊಸ ದೇಶದ ಯಾವ ಕಾರ್ಖಾನೆಯ ಬಾಗಿಲು ತಟ್ಟಬೇಕೆಂಬುದೇ ಪ್ರಶ್ನೆಯಾಯಿತು.

ಹಳೆಯ ಮಿತ್ರರ ಕತೆ ಹೀಗಾದರೆ, ದಾನಿಗಳ ಕತೆ ಇನ್ನೊಂದು. ಎಂಬತ್ತರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ವೆಸ್ಟ್‌ಲ್ಯಾಂಡ್ ಕಂಪೆನಿ ಮುಳುಗುವ ಸ್ಥಿತಿಯಲ್ಲಿತ್ತು. ಅದರ ವೆಸ್ಟ್‌ಲ್ಯಾಂಡ್–30 ಹೆಲಿಕಾಪ್ಟರಿಗೆ ಗಿರಾಕಿಗಳಿರಲಿಲ್ಲ. ಬ್ರಿಟಿಷ್ ಸರ್ಕಾರ ತನ್ನ ನೆರವಿನ ಹಣದಿಂದಲೇ 21 ಹೆಲಿಕಾಪ್ಟರ್‌ಗಳನ್ನು ಭಾರತಕ್ಕೆ ಕೊಡಿಸಿತು. ಆ ಯಂತ್ರದ ಬಗ್ಗೆ ಪ್ರಧಾನಿ ರಾಜೀವ್ ಗಾಂಧಿಯವರಿಗೆ ಆರಂಭದಲ್ಲಿ ಒಲವಿರಲಿಲ್ಲ; ಬೇಡವೆಂದರೆ ನೆರವೂ ಕೈತಪ್ಪುತ್ತಿತ್ತು. ಇವು ಸೇನೆಗಲ್ಲ, ಸಮುದ್ರದ ತೈಲಬಾವಿಗಳ ಕೆಲಸಕ್ಕಾಗಿ ಪವನ್ ಹಂಸ್ ಸಂಸ್ಥೆಗೆ ಬಂದಂಥವು. ಅಪಘಾತಗಳ ನಂತರ 1991ರಲ್ಲಿ ನೆಲಕ್ಕಿಳಿದ ಇವು ಕೊನೆಗೆ ಗುಜರಿಯ ಬೆಲೆಗೆ ಮಾರಾಟವಾದವು. ಷರತ್ತಿನ ನೆರವು ಎಂಬುದು ಕೊಡುವ ದೇಶದ ಕಾರ್ಖಾನೆಗೆ ಸಲ್ಲುವ ಸಹಾಯಧನ ಎಂಬ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಮೂರನೆಯ ಪಾಠ ಬಂದದ್ದು 1998ರಲ್ಲಿ. ಆ ವರ್ಷದ ಮೇ ತಿಂಗಳ ಪೋಖರಣ್ ಪರೀಕ್ಷೆಗಳ ನಂತರ ಅಮೆರಿಕ ನಿರ್ಬಂಧ ಹೇರಿತು. ನಾವು ಬ್ರಿಟನ್ನಿನಿಂದ ಕೊಂಡಿದ್ದ ಸೀ ಕಿಂಗ್‌ಗಳಿಗೂ ಬಿಡಿಭಾಗ ನಿಂತುಹೋಯಿತು; ಏಕೆಂದರೆ ಆ ಯಂತ್ರದೊಳಗೆ ಅಮೆರಿಕದ ಭಾಗಗಳಿದ್ದವು. ಎಚ್‌ಎಎಲ್ ಜರ್ಮನಿಯ ಎಂಬಿಬಿ ಕಂಪೆನಿಯ ನೆರವಿನಿಂದ 1984ರಲ್ಲಿ ವಿನ್ಯಾಸಕ್ಕೆ ತೊಡಗಿ 1992ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿಸಿದ ಧ್ರುವ್ ಹೆಲಿಕಾಪ್ಟರಿಗೂ ಪೆಟ್ಟು ಬಿದ್ದಿತು. ಅದಕ್ಕೆಂದು ಆಲೋಚಿಸಿದ್ದ ಅಮೆರಿಕದ ಎಂಜಿನ್ ದಕ್ಕಲಿಲ್ಲ. ಫ್ರಾನ್ಸಿನ ಟರ್ಬೊಮೆಕಾ ಎಂಜಿನ್ನಿನೊಂದಿಗೇ ಮುಂದುವರಿಯಬೇಕಾಯಿತು. ಅದೇ ಕಂಪೆನಿಯೊಡನೆ ಜಂಟಿಯಾಗಿ ರೂಪಿಸಿದ ‘ಶಕ್ತಿ’ ಎಂಜಿನ್ ಆಮೇಲೆ ಬಂದಿತು. ಮಾರಿದವನ ಸ್ನೇಹವೊಂದಿದ್ದರೆ ಸಾಲದು, ಮಾರಿದವನಿಗೆ ಮಾರಿದವನ ಸ್ನೇಹವೂ ಬೇಕು ಎಂಬುದು ಆಗ ಸ್ಪಷ್ಟವಾಯಿತು.

ಈ ಹಿನ್ನೆಲೆಯಲ್ಲಿ 197 ಹೆಲಿಕಾಪ್ಟರ್‌ಗಳ ಕತೆಯನ್ನು ನೋಡಬೇಕು. ಮೊದಲ ಸುತ್ತಿನಲ್ಲಿ ಯುರೋಪಿನ ಫೆನೆಕ್ ಮತ್ತು ಅಮೆರಿಕದ ಬೆಲ್ ಸ್ಪರ್ಧಿಸಿದವು. ಫೆನೆಕ್ ಆಯ್ಕೆಯಾದ ಮೇಲೆ ಪರೀಕ್ಷೆಯ ಕ್ರಮದ ಬಗ್ಗೆ ಆಕ್ಷೇಪಗಳೆದ್ದು 2007ರ ಡಿಸೆಂಬರ್‌ನಲ್ಲಿ ಎಲ್ಲವೂ ರದ್ದಾಯಿತು. ಮರುವರ್ಷ ಮತ್ತೆ ಟೆಂಡರ್. ಈ ಬಾರಿ ಫೆನೆಕ್ ಎದುರು ರಷ್ಯಾದ ಕಾಮೋವ್–226. ಮತ್ತೆ ಪರೀಕ್ಷೆ, ಮತ್ತೆ ಆರೋಪ. 2014ರ ಆಗಸ್ಟ್‌ನಲ್ಲಿ ಹೊಸ ಸರ್ಕಾರ ಅದನ್ನೂ ರದ್ದುಪಡಿಸಿತು. ಆದರೆ ಅದೇ ಡಿಸೆಂಬರ್‌ನಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ದೆಹಲಿಗೆ ಬಂದಾಗ ಕಾಮೋವ್ ಮತ್ತೆ ಕಾಣಿಸಿಕೊಂಡಿತು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ಮೋದಿಯವರ ಮಾಸ್ಕೋ ಭೇಟಿಯಲ್ಲಿ ಸಹಿಯೂ ಆಯಿತು. 60 ಹೆಲಿಕಾಪ್ಟರ್‌ಗಳು ಸಿದ್ಧರೂಪದಲ್ಲಿ ಬರಬೇಕು, 140 ಇಲ್ಲಿ ತಯಾರಾಗಬೇಕು ಎಂಬ ಏರ್ಪಾಡು. ಟೆಂಡರ್‌ನಲ್ಲಿ ಇತ್ಯರ್ಥವಾಗದ್ದು ಶೃಂಗಸಭೆಯಲ್ಲಿ ಇತ್ಯರ್ಥವಾಯಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಪ್ರಧಾನಿಯವರ ಅಮೆರಿಕ ಪ್ರವಾಸದ ಹೊತ್ತಿಗೇ, 22 ಅಪಾಚೆ ಮತ್ತು 15 ಚಿನೂಕ್ ಹೆಲಿಕಾಪ್ಟರ್‌ಗಳಿಗೆ ಸಹಿಯಾಗಿತ್ತು. ಸ್ಪರ್ಧೆಯಲ್ಲಿ ಅವು ಹಿಂದಿಕ್ಕಿದ್ದು ರಷ್ಯಾದ ಎಂಐ–28 ಮತ್ತು ಎಂಐ–26 ಹೆಲಿಕಾಪ್ಟರ್‌ಗಳನ್ನು. ಸೆಪ್ಟೆಂಬರ್‌ನಲ್ಲಿ ಒಬ್ಬರಿಗೆ, ಡಿಸೆಂಬರ್‌ನಲ್ಲಿ ಇನ್ನೊಬ್ಬರಿಗೆ: ಇದನ್ನು ಸಮತೋಲನದ ರಾಜತಾಂತ್ರಿಕತೆ ಎನ್ನಬಹುದು. ಇಂಥ ಸಮತೋಲನ ತಪ್ಪೇನಲ್ಲ. ಆದರೆ ಅಮೆರಿಕದ ಯಂತ್ರಗಳು ಬಂದು ಸೇವೆಗೆ ಸೇರಿದವು, ರಷ್ಯಾದ ಯಂತ್ರ ಕಾಗದದಲ್ಲೇ ಉಳಿಯಿತು. ಬೆಲೆ ಮತ್ತು ದೇಶೀಯ ಭಾಗಗಳ ಪ್ರಮಾಣದ ಬಗ್ಗೆ ಚೌಕಾಸಿ ಮುಗಿಯಲೇ ಇಲ್ಲ. ಕಾಮೋವ್‌ನ ಎಂಜಿನ್ ರಷ್ಯಾದ್ದಲ್ಲ, ಫ್ರಾನ್ಸಿನದು. 2022ರಲ್ಲಿ ಉಕ್ರೇನ್ ಯುದ್ಧದ ನಂತರ ಯುರೋಪ್ ನಿರ್ಬಂಧ ಬಿಗಿಗೊಳಿಸಿದಾಗ ಆ ಯೋಜನೆಗಿದ್ದ ಅಲ್ಪ ಜೀವವೂ ಹೋಯಿತು. 1998ರ ಪಾಠವನ್ನು ನೆನಪಿಟ್ಟುಕೊಂಡಿದ್ದರೆ ಪರರ ಎಂಜಿನ್ ಹೊತ್ತ ಯಂತ್ರವನ್ನು ಒಪ್ಪುವ ಮುನ್ನ ಈ ಪ್ರಶ್ನೆಯನ್ನೇ ಮೊದಲು ಕೇಳಬೇಕಿತ್ತು.

ಹಗರಣದ ಭಯ ಇನ್ನೊಂದು ಬಗೆಯ ರಾಜಕಾರಣ. ಗಣ್ಯರ ಪ್ರಯಾಣಕ್ಕೆಂದು 12 ಅಗಸ್ಟಾವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರ್‌ಗಳನ್ನು ಸುಮಾರು 3,600 ಕೋಟಿ ರೂಪಾಯಿಗೆ ಕೊಳ್ಳುವ 2010ರ ಒಪ್ಪಂದ, ಲಂಚದ ಆರೋಪ ಹೊತ್ತು 2014ರ ಜನವರಿಯಲ್ಲಿ ರದ್ದಾಯಿತು. ತನಿಖೆ ಆಗಬೇಕಾದದ್ದೇ. ಆದರೆ ಅದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ನೌಕಾಪಡೆ ತನ್ನ ಹಳೆಯ ಸೀ ಕಿಂಗ್‌ಗಳಿಗೆ ಬದಲಿ ಹುಡುಕುತ್ತಿದ್ದ ಪ್ರತ್ಯೇಕ ಟೆಂಡರ್‌ನಲ್ಲಿದ್ದ ಯುರೋಪಿನ ಎನ್‌ಎಚ್–90, ಅದೇ ಇಟಲಿ ಸಮೂಹದ ಪಾಲು ಹೊಂದಿದ್ದರಿಂದ ಹೊರಬಿದ್ದಿತು. ಉಳಿದ ಏಕೈಕ ಸ್ಪರ್ಧಿ ಸಿಕೋರ್ಸ್ಕಿಯೊಡನೆ ಬೆಲೆ ಹೊಂದದೆ 2017ರಲ್ಲಿ ಆ ಟೆಂಡರ್ ಸಹ ಮುಗಿಯಿತು. ಕೊನೆಗೆ 2020ರ ಫೆಬ್ರುವರಿಯಲ್ಲಿ ಅಧ್ಯಕ್ಷ ಟ್ರಂಪ್ ಭಾರತಕ್ಕೆ ಬಂದಾಗ, ಸರ್ಕಾರದಿಂದ ಸರ್ಕಾರಕ್ಕೆ ನಡೆಯುವ ನೇರ ಮಾರಾಟದಡಿ 24 ಎಂಎಚ್–60ಆರ್ ಹೆಲಿಕಾಪ್ಟರ್‌ಗಳ ಖರೀದಿ ಪ್ರಕಟವಾಯಿತು. ಅವೂ ಸಿಕೋರ್ಸ್ಕಿಯವೇ. 2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಅವುಗಳ ಮೊದಲ ತುಕಡಿ ಸೇವೆಗೆ ಸೇರಿತು. 2025ರ ನವೆಂಬರ್‌ನಲ್ಲಿ ಅವುಗಳ ನಿರ್ವಹಣೆಯ ನೆರವಿಗೆಂದೇ ಸುಮಾರು 7,995 ಕೋಟಿ ರೂಪಾಯಿಯ ಒಪ್ಪಂದವಾಯಿತು. ಮುಂಗಡದ ನಂತರದ ಕಂತು ಎಂದರೆ ಇದೇ.

ನೇರ ಮಾರಾಟವೇ ಲೇಸಲ್ಲವೇ ಎಂದು ಕೇಳಬಹುದು. ದಲ್ಲಾಳಿಗಳಿಲ್ಲ, ಕೆಲಸ ಬೇಗ ಆಗುತ್ತದೆ ಎಂಬುದು ನಿಜ. ಆದರೆ ಸ್ಪರ್ಧೆಯಿಲ್ಲದಲ್ಲಿ ಬೆಲೆಯನ್ನು ಪರಖಿಸುವ ದಾರಿಯೂ ಕಿರಿದಾಗುತ್ತದೆ, ಆಯ್ಕೆಯ ಕಾರಣಗಳು ಸಂಸತ್ತಿನ ಮುಂದೆ ಬರುವುದಿಲ್ಲ. ವೇಗವೂ ಖಚಿತವಲ್ಲ: ಭೂಸೇನೆಗೆಂದು ಅದೇ 2020ರಲ್ಲಿ ಗೊತ್ತುಪಡಿಸಿದ ಆರು ಅಪಾಚೆಗಳಲ್ಲಿ ಮೊದಲ ಮೂರು ಬಂದಿಳಿದದ್ದು 2025ರ ಜುಲೈನಲ್ಲಿ. ಟೆಂಡರ್ ಪದ್ಧತಿಯ ದೋಷ ಬೇರೆ ತೆರನಾದದ್ದು. ಆಡಳಿತದಲ್ಲಿ ಕಡತಗಳನ್ನು ಕಂಡವರಿಗೆ ಗೊತ್ತು: ಸಹಿ ಮಾಡಿದವನ ಮೇಲೆ ವಿಚಾರಣೆ ನಡೆಯುತ್ತದೆ, ಸಹಿ ಮಾಡದೆ ಕಡತವನ್ನು ಹಿಂದಿರುಗಿಸಿದವನ ಮೇಲೆ ನಡೆಯುವುದಿಲ್ಲ. ಕೊಂಡದ್ದರ ನಷ್ಟಕ್ಕೆ ಲೆಕ್ಕಪರಿಶೋಧನೆ ಇದೆ. ಕೊಳ್ಳದೆ ಹೋದುದರ ನಷ್ಟವನ್ನು ಯಾವ ಖಾತೆಯಲ್ಲೂ ಬರೆಯುವುದಿಲ್ಲ.

ಆ ನಷ್ಟವನ್ನು ಭರಿಸುವವರು ಯಾರು? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ದಿನಗಳ ನಂತರ ಹಿಮದಡಿಯಲ್ಲಿ ಜೀವಂತವಾಗಿ ಸಿಕ್ಕಾಗ ಇಡೀ ನಾಡು ಉಸಿರು ಬಿಗಿಹಿಡಿದಿತ್ತು. ಅವರನ್ನು ಆ ಎತ್ತರದಿಂದ ಕೆಳಗೆ ತಂದದ್ದು ಹೆಲಿಕಾಪ್ಟರ್. ಫೆಬ್ರುವರಿ 11ರಂದು ಅವರು ದೆಹಲಿಯಲ್ಲಿ ಕೊನೆಯುಸಿರೆಳೆದರು. 1984ರಿಂದ ಆ ಹಿಮನದಿಯ ಮೇಲಿನ ಬದುಕು ನಿಂತಿರುವುದೇ ಹೆಲಿಕಾಪ್ಟರ್‌ಗಳ ಮೇಲೆ. ಅವುಗಳಲ್ಲಿ ಹೆಚ್ಚಿನ ಭಾರ ಹೊತ್ತದ್ದು ಚೀತಾ. ಈ ಹಳೆಯ ಯಂತ್ರಗಳ ಅಪಘಾತಗಳಿಂದ ಕಂಗೆಟ್ಟ ಸೇನಾಧಿಕಾರಿಗಳ ಪತ್ನಿಯರೇ 2015ರಲ್ಲಿ ರಕ್ಷಣಾ ಸಚಿವ ಮನೋಹರ್ ಪರ್ರೀಕರ್ ಅವರ ಮೊರೆಹೋಗಬೇಕಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಾಗನೂರದಂಥ ಊರುಗಳಿಂದ ಸೇನೆ ಸೇರುವ ಹುಡುಗರ ತಂದೆತಾಯಂದಿರಿಗೆ ಶೃಂಗಸಭೆಗಳ ಲೆಕ್ಕ ತಿಳಿಯದಿರಬಹುದು. ಅದರ ಫಲ ತಟ್ಟುವುದು ಅವರಿಗೇ. 2019ರ ಆಗಸ್ಟ್‌ನಲ್ಲಿ ಇದೇ ಸೀಮೆ ನೆರೆಯಲ್ಲಿ ಮುಳುಗಿದಾಗ ಬೆಳಗಾವಿ ಜಿಲ್ಲೆಯ ಜನ ಆಕಾಶದತ್ತ ಮುಖಮಾಡಿ ಕಾದದ್ದೂ ಸೇನಾಪಡೆಗಳ ಹೆಲಿಕಾಪ್ಟರ್‌ಗಳಿಗೇ.

ಪರಿಹಾರ ಕರ್ನಾಟಕದಲ್ಲೇ ಇದೆ ಎನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಚೀತಾಗಳಿಗೆ ಬದಲಾಗಿ ರೂಪಿಸಿದ ಹಗುರ ಬಳಕೆ ಹೆಲಿಕಾಪ್ಟರ್ ತಯಾರಾಗಬೇಕಾದದ್ದು ಅಲ್ಲಿಯೇ. 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ದಾಳಿ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಎಚ್‌ಎಎಲ್‌ಗೆ ಸಿಕ್ಕಿತು. ಹೆಮ್ಮೆಪಡಬೇಕಾದ ಸಂಗತಿ. ಆದರೆ ಹೆಮ್ಮೆ ಪರಿಶೀಲನೆಯನ್ನು ಮರೆಸಬಾರದು. ಧ್ರುವ್‌ನಲ್ಲಿ ಬಳಸುವ ಸಾಮಗ್ರಿಯ ಮೌಲ್ಯದಲ್ಲಿ ಶೇ 90ರಷ್ಟು ವಿದೇಶದಿಂದಲೇ ಬರುತ್ತಿದೆ ಎಂದು ಮಹಾಲೇಖಪಾಲರು 2010ರಲ್ಲಿ ಹೇಳಿದ್ದರು. 2025ರ ಜನವರಿಯಲ್ಲಿ ಪೋರಬಂದರದಲ್ಲಿ ಕರಾವಳಿ ರಕ್ಷಣಾಪಡೆಯ ಧ್ರುವ್ ಅಪಘಾತಕ್ಕೀಡಾದಾಗ ಸುಮಾರು 330 ಧ್ರುವ್‌ಗಳು ತಿಂಗಳುಗಟ್ಟಲೆ ನೆಲಹಿಡಿದವು. ಒಂದೇ ಯಂತ್ರವನ್ನು ನೆಚ್ಚಿದರೆ ಅದು ಸ್ವದೇಶಿಯಾದರೂ ಅಪಾಯ ತಪ್ಪಿದ್ದಲ್ಲ.

ಮಾರುವವರ ಸ್ಥಾನದಲ್ಲಿ ನಿಂತಾಗ ನಾವು ಹೇಗಿದ್ದೆವು ಎಂಬುದೂ ನೋಡತಕ್ಕದ್ದು. ದಕ್ಷಿಣ ಅಮೆರಿಕದ ಈಕ್ವೆಡಾರ್ ನಮ್ಮಿಂದ ಏಳು ಧ್ರುವ್‌ಗಳನ್ನು ಕೊಂಡು, ನಾಲ್ಕು ಅಪಘಾತಕ್ಕೀಡಾದ ಮೇಲೆ 2015ರಲ್ಲಿ ಒಪ್ಪಂದವನ್ನೇ ಮುರಿಯಿತು. ಬಿಡಿಭಾಗ ಸಕಾಲಕ್ಕೆ ಬರುವುದಿಲ್ಲವೆಂಬುದು ಅದರ ದೂರುಗಳಲ್ಲೊಂದು. ಮಾಲ್ಡೀವ್ಸ್‌ಗೆ ನಾವು ಕೊಟ್ಟ ಹೆಲಿಕಾಪ್ಟರ್‌ಗಳೊಡನಿದ್ದ ನಮ್ಮ ಸೈನಿಕರು 2023ರಲ್ಲಿ ಅಲ್ಲಿ ಚುನಾವಣಾ ವಿಷಯವಾದರು. 2024ರ ಮೇ ಹೊತ್ತಿಗೆ ಅವರ ಜಾಗಕ್ಕೆ ತಂತ್ರಜ್ಞರು ಹೋಗಬೇಕಾಯಿತು. ಯಂತ್ರದ ಜೊತೆಗೆ ಬರುವ ನಂಟಿನ ಭಾರ ಕೊಳ್ಳುವ ದೇಶಕ್ಕೆ ಹೇಗೆ ಕಾಣುತ್ತದೆಂಬುದನ್ನು ಆ ಪುಟ್ಟ ದ್ವೀಪರಾಷ್ಟ್ರ ನಮಗೆ ತೋರಿಸಿತು.

ಆದ್ದರಿಂದ ಖರೀದಿಯಿಂದ ರಾಜಕಾರಣವನ್ನು ಹೊರಗಿಡಬೇಕೆಂಬ ಉಪದೇಶ ವ್ಯರ್ಥ. ಅದನ್ನು ಬೆಳಕಿಗೆ ತರಬೇಕು. ಯಾವ ಬಗೆಯ ಯಂತ್ರಕ್ಕೆ ಯಾವ ದೇಶವನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದನ್ನು ಸಂಪುಟವು ಟೆಂಡರಿಗೆ ಮೊದಲೇ ತೀರ್ಮಾನಿಸಿ, ಸಂಸತ್ತಿನ ಸ್ಥಾಯಿ ಸಮಿತಿಯ ಮುಂದಿಡಲಿ. ಆ ಮಿತಿಯೊಳಗೆ ಯಾವುದು ಉತ್ತಮವೆಂದು ಹೇಳುವ ಕೆಲಸ ಸೇನೆಯದಾಗಲಿ. ಎಂಜಿನ್ ಯಾರದು, ಅದರ ಹಿಂದಿರುವ ಮೂರನೆಯ ದೇಶ ಯಾವುದು ಎಂಬ ಪ್ರಶ್ನೆಗೆ ಲಿಖಿತ ಉತ್ತರವಿಲ್ಲದೆ ಸಹಿಯಾಗಬಾರದು. ಲಂಚದ ಆರೋಪ ಬಂದಾಗ ತಪ್ಪಿತಸ್ಥರಿಗೆ ಶಿಕ್ಷೆಯೂ ಕಂಪೆನಿಗೆ ಭಾರಿ ದಂಡವೂ ಆಗಲಿ. ಇಡೀ ಖರೀದಿಯನ್ನೇ ಕೈಬಿಡುವುದು ಕೊನೆಯ ಅಸ್ತ್ರವಾಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ರದ್ದಾದ ಪ್ರತಿಯೊಂದು ಟೆಂಡರ್‌ನ ವೆಚ್ಚವನ್ನು, ಅಂದರೆ ಹಳೆಯ ಯಂತ್ರದ ದುರಸ್ತಿ, ಅಪಘಾತ, ಪ್ರಾಣಹಾನಿಗಳನ್ನು, ಲೆಕ್ಕವಾಗಿ ಸಂಸತ್ತಿಗೆ ಒಪ್ಪಿಸುವ ಕಟ್ಟಳೆ ಬರಲಿ.

ಇನ್ನೂರು ಹೆಲಿಕಾಪ್ಟರ್‌ಗಳ ಹೊಸ ಕಡತ ಈಗ ತೆರೆದಿದೆ. ಅದು ಹಿಂದಿನವುಗಳ ದಾರಿ ಹಿಡಿದರೆ ದೆಹಲಿಯಲ್ಲಿ ಯಾರೂ ಉತ್ತರದಾಯಿಗಳಾಗುವುದಿಲ್ಲ. ಚೀತಾದ ಚಾಲಕಪೀಠದಲ್ಲಿ ಕುಳಿತ ತರುಣನಿಗೆ ಮಾತ್ರ ಅದರಿಂದ ಬಿಡುಗಡೆಯಿಲ್ಲ.