ಎಂಜಿನ್ ಆಯಿಲ್: ಸಾದಾ ಹಾಕಬೇಕೋ, ಸಿಂಥೆಟಿಕ್ ಹಾಕಬೇಕೋ?



ಸಂಘದ ಸಾಲ ತೆಗೆದು ಪವರ್ ಸ್ಪ್ರೇಯರ್, ನೀರೆತ್ತುವ ಎಂಜಿನ್ ಅಥವಾ ಹಿಟ್ಟಿನ ಗಿರಣಿ ತಗೊಂಡಿದ್ದೀರಾ? ಹಾಗಿದ್ದರೆ ಬೀದರ್, ಭಾಲ್ಕಿ, ಔರಾದ್ ಯಾವ ಅಂಗಡಿಗೆ ಹೋದರೂ ಈ ಪ್ರಶ್ನೆ ಕೇಳುತ್ತಾರೆ: “ಅಕ್ಕಾ, ಸಾದಾ ಆಯಿಲ್ ಕೊಡ್ಲೋ, ಸಿಂಥೆಟಿಕ್ ಕೊಡ್ಲೋ?” ತಪ್ಪು ಆಯಿಲಿನಿಂದ ಎಂಜಿನ್ ಜಾಮ್ ಆದರೆ ಗಳಿಕೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಇದನ್ನು ತಿಳಿದುಕೊಳ್ಳೋಣ.

ವ್ಯತ್ಯಾಸ ಏನು?

ಸಾದಾ ಆಯಿಲನ್ನು ಭೂಮಿಯಿಂದ ತೆಗೆದ ಕಚ್ಚಾ ತೈಲ ಶುದ್ಧಿ ಮಾಡಿ ತಯಾರಿಸುತ್ತಾರೆ. ಸಿಂಥೆಟಿಕ್ ಆಯಿಲನ್ನು ಕಾರ್ಖಾನೆಯಲ್ಲಿ ರಾಸಾಯನಿಕ ವಿಧಾನದಿಂದ ತಯಾರಿಸುತ್ತಾರೆ. ಇದು ಹೆಚ್ಚು ಕಾವಿನಲ್ಲೂ ಬೇಗ ಕೆಡುವುದಿಲ್ಲ, ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ಆದರೆ ತುಟ್ಟಿ.

ನಮ್ಮ ಕಡೆ ಹಿಮ ಬೀಳುವ ಚಳಿ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು, ಜೊತೆಗೆ ಧೂಳು. ಹೀಗಾಗಿ ನಮಗೆ ಕಾವು ತಡೆಯುವ ಗುಣವೇ ಮುಖ್ಯ.

ಹಾಗಾದರೆ ಸಿಂಥೆಟಿಕ್ಕೇ ಒಳ್ಳೇದಲ್ವಾ?

ಅವಸರ ಬೇಡ. “ಸಿಂಥೆಟಿಕ್ ಹಾಕೀನಿ, ಇನ್ನ ವರ್ಷ ಬದಲಿ ಮಾಡೋದು ಬ್ಯಾಡ” ಎಂದರೆ ಮೋಸ ಹೋದಂತೆ. ಬಹಳಷ್ಟು ಸಣ್ಣ ಎಂಜಿನ್‌ಗಳಲ್ಲಿ ಆಯಿಲ್ ಸೋಸುವ ಫಿಲ್ಟರ್ ಇರುವುದಿಲ್ಲ. ಮಸಿ, ಧೂಳು, ಕಬ್ಬಿಣದ ಪುಡಿ ಎಲ್ಲ ಆಯಿಲಿನಲ್ಲೇ ಉಳಿಯುತ್ತವೆ. ಆಯಿಲ್ ಎಷ್ಟೇ ತುಟ್ಟಿಯದಿದ್ದರೂ ಕೊಳೆ ಕೊಳೆಯೇ.

ಒಂದು ಲೆಕ್ಕ ನೋಡಿ. ಲೀಟರಿಗೆ ಸಾದಾ 300 ರೂ., ಸಿಂಥೆಟಿಕ್ 700 ರೂ. ಎಂದು ಇಟ್ಟುಕೊಳ್ಳೋಣ. 35 ಸಿಸಿಯ ಫೋರ್ ಸ್ಟ್ರೋಕ್ ಸ್ಪ್ರೇಯರ್‌ಗೆ ಸುಮಾರು 100 ಮಿ.ಲೀ. ಸಾಕು. ವ್ಯತ್ಯಾಸ 40 ರೂ. ಮಾತ್ರ. ಸೋಯಾ, ತೊಗರಿ ಹೊಲದಲ್ಲಿ ದಿನವಿಡೀ ಜೋರಾಗಿ ಓಡುವ ಸ್ಪ್ರೇಯರ್‌ಗೆ ಸಿಂಥೆಟಿಕ್ ಹಾಕಿದರೆ ನಷ್ಟವಿಲ್ಲ. 5 ಎಚ್‌ಪಿ ಪೆಟ್ರೋಲ್ ಪಂಪಿಗೆ ಸುಮಾರು 600 ಮಿ.ಲೀ. ಬೇಕು. ಆಗ ವ್ಯತ್ಯಾಸ 240 ರೂ. ನಿಧಾನ ಓಡುವ ಹಳೇ ಡೀಸೆಲ್ ಗಿರಣಿಗೆ ಪುಸ್ತಕದಲ್ಲಿ ಹೇಳಿದ ಸಾದಾ ಆಯಿಲೇ ಸಾಕು. ಒಂದು ಸಲ ಸಿಂಥೆಟಿಕ್ ಹಾಕುವ ದುಡ್ಡಿನಲ್ಲಿ ಎರಡು ಸಲ ಸಾದಾ ಬದಲಿಸಬಹುದಾದರೆ ಎರಡು ಸಲ ಬದಲಿಸುವುದೇ ಜಾಣತನ.

ಕೊಳ್ಳುವಾಗ ಏನು ನೋಡಬೇಕು?

- ಡಬ್ಬಿಯ ಮೇಲಿನ ನಂಬರ್: 10ಡಬ್ಲ್ಯೂ-30, 20ಡಬ್ಲ್ಯೂ-40 ಇತ್ಯಾದಿ. ಇದು ಎಂಜಿನ್ ಪುಸ್ತಕದಲ್ಲಿ ಇದ್ದಂತೆಯೇ ಇರಬೇಕು.
- ಎಪಿಐ ಗುರುತು: ‘ಎಸ್’ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ‘ಸಿ’ಯಿಂದ ಶುರುವಾದರೆ ಡೀಸೆಲ್‌ಗೆ.
- ಆಯಿಲ್ ಹಾಕಲು ಬೇರೆ ಮುಚ್ಚಳ ಇದ್ದರೆ ಸಾಮಾನ್ಯವಾಗಿ ಅದು ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್‌ನಲ್ಲಿ 2ಟಿ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಒಂದರ ಆಯಿಲ್ ಇನ್ನೊಂದಕ್ಕೆ ಹಾಕಬೇಡಿ.

ಇವಿಷ್ಟು ತಪ್ಪದೆ ಮಾಡಿ

1. ದಿನಾ ಎಂಜಿನ್ ಬಂದ್ ಮಾಡಿ, ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ಮಟ್ಟ ನೋಡಿ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ.
2. ಹೊಸ ಫೋರ್ ಸ್ಟ್ರೋಕ್ ಎಂಜಿನ್ ಆದರೆ ಸಾಮಾನ್ಯವಾಗಿ ಮೊದಲ 10ರಿಂದ 20 ತಾಸಿಗೆ, ನಂತರ 50ರಿಂದ 100 ತಾಸಿಗೊಮ್ಮೆ ಬದಲಿಸಬೇಕು. ಸರಿಯಾದ ತಾಸು ಪುಸ್ತಕದಲ್ಲಿರುತ್ತದೆ. ಧೂಳು ಜಾಸ್ತಿ ಇದ್ದರೆ ಇನ್ನೂ ಬೇಗ.
3. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗಲೇ ಹಳೇ ಆಯಿಲ್ ಇಳಿಸಿ, ಪೂರಾ ಹೊರಗೆ ಬರುತ್ತದೆ.
4. ಏರ್ ಫಿಲ್ಟರ್ ಸ್ವಚ್ಛವಿಡಿ.
5. ಹಳೇ ಆಯಿಲನ್ನು ಬಾವಿ, ನಾಲೆ, ಹೊಲಕ್ಕೆ ಚೆಲ್ಲಬೇಡಿ. ದನದ ಗಾಯಕ್ಕೆ ಹಚ್ಚಬೇಡಿ. ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಡಿ.

ಮುಂದಿನ ವಾರದ ಸಭೆಯಲ್ಲಿ ಒಂದು ಕೆಲಸ ಮಾಡಿ. ಉಳಿತಾಯದ ಪುಸ್ತಕದ ಹಾಗೆ ಎಂಜಿನ್‌ಗೂ ಒಂದು ಪುಸ್ತಕ ಇಡಿ. ಯಾವ ದಿನ ಎಷ್ಟು ತಾಸು ಓಡಿತು, ಯಾವಾಗ ಆಯಿಲ್ ಬದಲಿಸಿದಿರಿ ಎಂದು ಬರೆಯಿರಿ. ಸಾದಾ ಇರಲಿ, ಸಿಂಥೆಟಿಕ್ ಇರಲಿ, ಎಂಜಿನ್ ಉಳಿಸುವುದು ವೇಳೆಗೆ ಸರಿಯಾಗಿ ಬದಲಿಸಿದ ಆಯಿಲೇ.