ಹಬ್ಬದ ದಿನ ತುಟ್ಟಿಯಾಗುತ್ತಿದ್ದ ಸಂದೇಶ

1995ರ ಜುಲೈ 31ರಂದು ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ನಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಕರೆ ಮಾಡುವುದರೊಂದಿಗೆ ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾಯಿತಾದರೂ, ಒಳಬರುವ ಕರೆಗೂ ಹಣ ತೆರಬೇಕಿದ್ದ ಆ ಕಾಲದಲ್ಲಿ ಅದು ಉಳ್ಳವರ ಸೊತ್ತಾಗಿಯೇ ಉಳಿಯಿತು. ಈ ದುಬಾರಿತನವೇ ಎಸ್ಸೆಮ್ಮೆಸ್‌ಗೆ, ಅಂದರೆ ಪಡೆಯುವವರ ಫೋನು ಸಂಪರ್ಕಕ್ಕೆ ಸಿಗುವವರೆಗೆ ಕಂಪನಿಯ ಕೇಂದ್ರದಲ್ಲಿ ಕಾದಿದ್ದು ಬಳಿಕ ತಲುಪುವ ಕಿರುಸಂದೇಶಕ್ಕೆ, ಮಾರುಕಟ್ಟೆ ಒದಗಿಸಿತು. ರೋಮನ್ ಲಿಪಿಯಲ್ಲಿ 160 ಅಕ್ಷರ ಹಿಡಿಸುತ್ತಿದ್ದ ಸಂದೇಶದಲ್ಲಿ ಬಂಗಾಳಿಗಾಗಲಿ ಕನ್ನಡಕ್ಕಾಗಲಿ 70 ಸಂಕೇತಗಳಷ್ಟೇ ಜಾಗವಿದ್ದು, ಗುಣಿತದ ಚಿಹ್ನೆಗಳೂ ಪ್ರತ್ಯೇಕವಾಗಿ ಎಣಿಕೆಯಾಗುತ್ತಿದ್ದುದರಿಂದ, ತಾಯ್ನುಡಿಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೇ ಅಗ್ಗವಾಗಿತ್ತು. ಶುಭಾಶಯಗಳ ಮಹಾಪೂರ ಹರಿಯುವ ಹಬ್ಬದ ದಿನಗಳಲ್ಲಿ ರಿಯಾಯಿತಿ ಪ್ಯಾಕ್‌ಗಳು ಎಷ್ಟೋ ವೇಳೆ ಅನ್ವಯಿಸುತ್ತಲೇ ಇರಲಿಲ್ಲ. ವ್ಯಾಪಾರದ ಜಾಣತನವೆಂದರೆ ಇದೇ! 2009ರಲ್ಲಿ ಹುಟ್ಟಿದ ವಾಟ್ಸ್ಆ್ಯಪ್ ಇಂಟರ್ನೆಟ್ ಮೂಲಕ ಸಂದೇಶ ಸಾಗಿಸಿ, ಒಂದಕ್ಕಿಷ್ಟು ಎಂಬ ಲೆಕ್ಕವನ್ನೇ ಅಳಿಸಿತು.