ಎಲ್ಲರೊಳಗಿನ ವೈರಸ್, ಕೆಲವರಿಗಷ್ಟೇ ಕಾಯಿಲೆ

ತುರ್ವಿಹಾಳದಲ್ಲಾಗಲಿ ಸಿಂಧನೂರಿನಲ್ಲಾಗಲಿ, ಎಳೆ ಮಗುವಿಗೆ ಜ್ವರ ಬಂದು ನಾಲ್ಕು ದಿನಕ್ಕೆ ಇಳಿದರೆ ಮನೆಯವರು ಅದನ್ನು ಮರೆತುಬಿಡುತ್ತಾರೆ. ಅಂಥದ್ದೊಂದು ಜ್ವರದಲ್ಲಿ, ಎಷ್ಟೋ ಸಲ ಜ್ವರವೂ ಇಲ್ಲದೆ, ಎಪ್‌ಸ್ಟೀನ್–ಬಾರ್ ವೈರಸ್ ಎಂಜಲಿನ ಮೂಲಕ ಮೈ ಸೇರಿರುತ್ತದೆ. 1964ರಲ್ಲಿ ಪತ್ತೆಯಾದ ಈ ವೈರಸ್ ಒಮ್ಮೆ ಹೊಕ್ಕರೆ ಬಿಳಿ ರಕ್ತಕಣಗಳಲ್ಲಿ ಜೀವನವಿಡೀ ಅಡಗಿರುತ್ತದೆ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಅದಿದೆ.

ಈ ವೈರಸ್ಸಿನ ಮೇಲೆ ಆರೋಪವಿರುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್). ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳನ್ನು ಸುತ್ತಿದ ಮೈಲಿನ್ ಪೊರೆಯ ಮೇಲೆ ಎರಗುತ್ತದೆ. ಪಂಪ್‌ಸೆಟ್ಟಿನ ವೈರಿನ ಕವಚ ಕಿತ್ತುಹೋದಂತೆ, ಸಂದೇಶಗಳು ನಡುವೆಯೇ ತಡವರಿಸುತ್ತವೆ.

ಎಲ್ಲರಲ್ಲೂ ಇರುವ ವೈರಸ್ಸಿನ ಮೇಲೆ ಆರೋಪ ಹೊರಿಸುವುದು ಹೇಗೆ? 2022ರಲ್ಲಿ ಹಾರ್ವರ್ಡ್ ಸಂಶೋಧಕರು ಅಮೆರಿಕದ ಸೈನಿಕರಿಂದ ಇಪ್ಪತ್ತು ವರ್ಷಗಳ ಕಾಲ ಸಂಗ್ರಹಿಸಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದರು. ಎಂಎಸ್ ಬಂದ 801 ಮಂದಿಯಲ್ಲಿ 35 ಜನರಿಗೆ ಮೊದಲು ಸೋಂಕಿರಲಿಲ್ಲ. ಅವರಲ್ಲಿ 34 ಮಂದಿಗೆ ಕಾಯಿಲೆಗೆ ಮುನ್ನ ಸೋಂಕು ತಗುಲಿತ್ತು. ಸೋಂಕಿನ ನಂತರ ಅಪಾಯ 32 ಪಟ್ಟು ಏರಿತ್ತು. ಎಂಜಲಿನಿಂದಲೇ ಹರಡುವ ಸೈಟೊಮೆಗಾಲೊ ವೈರಸ್‌ನಿಂದ ಹಾಗಾಗಲಿಲ್ಲ. ನರಹಾನಿಯ ಸುಳಿವು ಕೊಡುವ ಪ್ರೋಟೀನು ಕೂಡ ರಕ್ತದಲ್ಲಿ ಹೆಚ್ಚಿದ್ದು ಸೋಂಕಿನ ನಂತರವೇ.

ಅದೇ ವರ್ಷ ಸ್ಟ್ಯಾನ್‌ಫರ್ಡ್‌ ತಂಡ ಸೋಂಕು ಕಾಯಿಲೆಗೆ ತಿರುಗುವ ಒಂದು ದಾರಿಯನ್ನು ತೋರಿಸಿತು. ವೈರಸ್ಸಿನ ಇಬಿಎನ್‌ಎ-1 ಪ್ರೋಟೀನಿನ ಒಂದು ತುಣುಕು ನಮ್ಮ ಮಿದುಳಿನ ಗ್ಲಿಯಲ್‌ಕ್ಯಾಮ್ ಪ್ರೋಟೀನನ್ನು ಹೋಲುತ್ತದೆ. ವೈರಸ್ಸಿಗೆಂದು ಹುಟ್ಟಿದ ಪ್ರತಿಕಾಯ ಕೆಲವರಲ್ಲಿ ಮಿದುಳಿಗೂ ಅಂಟಿಕೊಳ್ಳುತ್ತದೆ.

ಇದಕ್ಕೂ ಮೊದಲೇ, 2013ರಲ್ಲಿ, ಮಂಗಳೂರಿನ ನರತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಭಾರತದ ರೋಗಿಗಳಲ್ಲೂ ಈ ವೈರಸ್ ಸೋಂಕಿಗೂ ಎಂಎಸ್‌ಗೂ ನಂಟಿರುವುದನ್ನು ವರದಿ ಮಾಡಿದ್ದರು. ಮಂಗಳೂರಿನಲ್ಲಿ ಅವರು ನಡೆಸಿದ ಸಮೀಕ್ಷೆಯಲ್ಲಿ ಎಂಎಸ್ ಲಕ್ಷಕ್ಕೆ ಸುಮಾರು 8 ಮಂದಿಯಲ್ಲಿ ಕಂಡಿತು. ಉತ್ತರ ಯುರೋಪಿನ ಹಲವೆಡೆ ಈ ಪ್ರಮಾಣ ನೂರನ್ನೂ ಮೀರುತ್ತದೆ. ಹದಿಹರೆಯದಲ್ಲಿ ಸೋಂಕಾಗಿ ಗ್ರಂಥಿಜ್ವರ ಬಂದವರಲ್ಲಿ ಅಪಾಯ ಹೆಚ್ಚು. ನಮ್ಮಲ್ಲಿ ಸೋಂಕು ಎಳವೆಯಲ್ಲೇ ಆಗಿಬಿಡುವುದು ಈ ಅಂತರಕ್ಕೆ ಒಂದು ಕಾರಣವಿರಬಹುದು. ವಂಶವಾಹಿಗಳು, ವಿಟಮಿನ್ ಡಿ ಕೊರತೆ, ಧೂಮಪಾನಗಳದ್ದೂ ಪಾತ್ರವಿದೆ. ವೈರಸ್ ಒಂದೇ ಸಾಲದು. ಆದರೆ ಅದಿಲ್ಲದೆ ಕಾಯಿಲೆ ಶುರುವಾಗುವುದು ಬಹಳ ಅಪರೂಪ.

ಅದಕ್ಕೇ ಈ ವೈರಸ್ಸಿನ ವಿರುದ್ಧದ ಲಸಿಕೆಗಳು ಮಾನವ ಪ್ರಯೋಗದ ಹಂತ ತಲುಪಿರುವುದು ದೊಡ್ಡ ಭರವಸೆ. ಎಂಎಸ್ ಅಂಟುರೋಗವಲ್ಲ, ರೋಗಿಯನ್ನು ದೂರವಿಡಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಅದಿದೆ. ಹರೆಯದವರಲ್ಲಿ ಒಂದು ಕಣ್ಣು ನೋವಿನೊಂದಿಗೆ ಮಂಜಾದರೆ, ಕೈಕಾಲು ದಿನಗಟ್ಟಲೆ ಜೋಮು ಹಿಡಿದರೆ, ತಾನಾಗಿ ಕಡಿಮೆಯಾಯಿತೆಂದು ಸುಮ್ಮನಾಗದೆ ನರತಜ್ಞರಿಗೆ ತೋರಿಸಿ. ಈ ಕಾಯಿಲೆ ಬಂದು ಹೋಗುತ್ತಾ ಹಾನಿ ಕೂಡಿಡುತ್ತದೆ. ಬೇಗ ಶುರುವಾದ ಚಿಕಿತ್ಸೆ ಆ ಹಾನಿಯನ್ನು ತಗ್ಗಿಸಬಲ್ಲದು.